ಹೊದಿಸುವ ಕೈ, ಎಳೆಯುವ ಕೈ

2022ರ ಸೆಪ್ಟೆಂಬರಿನಿಂದ ಈಚೆಗೆ ನಮ್ಮವರ ನಡುವೆ ಒಂದು ಮಾತು ಚಲಾವಣೆಯಲ್ಲಿದೆ. ಸಂಘದ ಕಾರ್ಯಕ್ರಮ ಮುಗಿದು ಕಾಫಿ ಲೋಟ ಹಿಡಿದು ನಿಂತಾಗ ಅದು ಕೇಳಿಬರುತ್ತದೆ. ಮದುವೆಮನೆಯ ಪಂಕ್ತಿಯಲ್ಲೂ ಕೇಳಿಬರುತ್ತದೆ. ನಾಲ್ಕಕ್ಷರ ಹೆಚ್ಚು ಕಲಿತವರ ಬಾಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೇಳಿಬರುತ್ತದೆ. ‘‘ನೋಡಿ ಸ್ವಾಮೀ, ಅತ್ತ ಇರಾನಿನ ಹೆಂಗಸರು ತಲೆವಸ್ತ್ರ ಬೇಡವೆಂದು ಬೀದಿಯಲ್ಲಿ ಸುಟ್ಟರು. ಇತ್ತ ನಮ್ಮ ಉಡುಪಿಯ ಹುಡುಗಿಯರು ಅದೇ ತಲೆವಸ್ತ್ರ ಬೇಕೆಂದು ಕೋರ್ಟು ಹತ್ತಿದರು. ಇವರಿಗೆ ಬುದ್ಧಿ ಹೇಳುವವರು ಯಾರು?’’ ಹೀಗೆ ಕೇಳುವವರು ಉತ್ತರಕ್ಕೆ ಕಾಯುವುದಿಲ್ಲ. ಪ್ರಶ್ನೆಯ ಜೊತೆಗೇ ತೀರ್ಪನ್ನೂ ಕಟ್ಟಿಕೊಂಡು ಬಂದಿರುತ್ತಾರೆ. ಆ ತಿಂಗಳು ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಪರವಾಗಿ ನಡೆದ ವಾದದಲ್ಲಿಯೂ ಇರಾನಿನ ಹೆಂಗಸರ ಪ್ರಸ್ತಾಪ ಬಂದುಹೋದದ್ದರಿಂದ ಈ ಮಾತಿಗೆ ಮತ್ತಷ್ಟು ಬೆಲೆ ಬಂದಿತು.

ಮೇಲ್ನೋಟಕ್ಕೆ ಇದು ಬಹಳ ಜಾಣ ಮಾತು. ಆದರೆ ಎರಡು ನಿಮಿಷ ಕುಳಿತು ಯೋಚಿಸಿದರೆ ಒಳಗೆ ಹುರುಳಿಲ್ಲವೆಂಬುದು ತಿಳಿಯುತ್ತದೆ. ತೆಹರಾನಿನ ಹೆಂಗಸು ಹೇಳಿದ್ದೇನು? ತನ್ನ ತಲೆಯ ಮೇಲೆ ಏನಿರಬೇಕೆಂಬುದನ್ನು ಸರ್ಕಾರ ಹೇಳಕೂಡದು ಎಂದು. ಉಡುಪಿಯ ಹುಡುಗಿ ಹೇಳಿದ್ದೇನು? ಅದನ್ನೇ. ಒಬ್ಬಳ ಕೈಯಲ್ಲಿ ಬಟ್ಟೆ ಉರಿಯುತ್ತಿತ್ತು, ಇನ್ನೊಬ್ಬಳ ತಲೆಯ ಮೇಲೆ ಬಟ್ಟೆ ಇತ್ತು. ನಾವು ಬಟ್ಟೆಯನ್ನೇ ದಿಟ್ಟಿಸುತ್ತ ಕುಳಿತೆವು. ಆ ಬಟ್ಟೆಯ ಮೇಲೆ ಬಿದ್ದ ಕೈ ಯಾರದೆಂದು ಕೇಳಲಿಲ್ಲ.

ತಲೆವಸ್ತ್ರ ಒಳ್ಳೆಯದೋ ಕೆಟ್ಟದ್ದೋ, ಧರ್ಮಗ್ರಂಥದಲ್ಲಿ ಅದಕ್ಕೆ ಆಧಾರ ಉಂಟೋ ಇಲ್ಲವೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ನಾನು ಹೇಳಹೊರಟಿರುವುದು ಇಷ್ಟೇ: ಬಲವಂತವಾಗಿ ಹೊದಿಸುವ ಕೈ, ಬಲವಂತವಾಗಿ ಎಳೆಯುವ ಕೈ, ಎರಡೂ ಒಂದೇ ತೋಳಿನವು. ಇದನ್ನು ಒಪ್ಪದವರು ಇರಾನಿನ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಎರಡು ಕೈಗಳನ್ನೂ ಒಂದೇ ನೂರು ವರ್ಷದೊಳಗೆ, ಒಂದೇ ಬೀದಿಯಲ್ಲಿ ಕಂಡ ದೇಶ ಅದು.

ಇರಾನಿನ ದೊರೆ ರೆಜಾ ಶಾಹ ತನ್ನ ದೇಶವನ್ನು ಬೇಗಬೇಗನೆ ಆಧುನಿಕ ಮಾಡಬೇಕೆಂದು ಹೊರಟವನು. ಮೊದಲು ಅವನ ಕಣ್ಣು ಬಿದ್ದದ್ದು ಗಂಡಸರ ತಲೆಯ ಮೇಲೆ. 1935ರಲ್ಲಿ ಎಲ್ಲರೂ ಯೂರೋಪಿನ ಅಂಚುಳ್ಳ ಹ್ಯಾಟು ಧರಿಸಬೇಕೆಂದು ಅಪ್ಪಣೆಯಾಯಿತು. ನಮಾಜಿನಲ್ಲಿ ಹಣೆ ನೆಲಕ್ಕೆ ತಾಗಬೇಕು. ಮುಂದೆ ಅಂಚು ಚಾಚಿದ ಹ್ಯಾಟು ಅದಕ್ಕೆ ಅಡ್ಡ. ಆ ವರ್ಷದ ಜುಲೈಯಲ್ಲಿ ಮಶ್ಹದ್ ನಗರದ ಗೌಹರ್ ಶಾದ್ ಮಸೀದಿಯಲ್ಲಿ ಜನ ಸೇರಿ ಪ್ರತಿಭಟಿಸಿದರು. ಸೈನ್ಯ ಗುಂಡು ಹಾರಿಸಿತು, ಅನೇಕರು ಸತ್ತರು. ಒಂದು ಟೋಪಿಯ ಸಲುವಾಗಿ!

ಅದಾಗಿ ಆರೇ ತಿಂಗಳಿಗೆ, 1936ರ ಜನವರಿ 8ರಂದು, ತೆಹರಾನಿನ ಶಿಕ್ಷಕಿಯರ ತರಬೇತಿ ಶಾಲೆಯ ಸಮಾರಂಭಕ್ಕೆ ದೊರೆ ತನ್ನ ಪತ್ನಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಮುಸುಕಿಲ್ಲದೆ ಕರೆತಂದನು. ಆ ದಿನದಿಂದ ಚಾದರ ನಿಷಿದ್ಧವಾಯಿತು. ಬೀದಿಯಲ್ಲಿ ಹೊದ್ದು ಹೋಗುವ ಹೆಂಗಸನ್ನು ಪೊಲೀಸರು ನಿಲ್ಲಿಸಿ ಚಾದರ ಎಳೆದರು, ಹರಿದು ಹಾಕಿದರು. ಹೊದ್ದವರನ್ನು ಬಸ್ಸಿಗೆ, ಅಂಗಡಿಗೆ ಸೇರಿಸಕೂಡದೆಂದು ಕಟ್ಟಪ್ಪಣೆಯಾಯಿತು. ಅಧಿಕಾರಿಗಳು ಹೆಂಡತಿಯರನ್ನು ಬರಿ ತಲೆಯಲ್ಲಿ ಸಮಾರಂಭಗಳಿಗೆ ಕರೆತರಬೇಕಾಯಿತು. ಇದೆಲ್ಲ ಸ್ತ್ರೀವಿಮೋಚನೆಯ ಹೆಸರಿನಲ್ಲಿ.

ವಿಮೋಚನೆ ಯಾರಿಗೆ ದಕ್ಕಿತು? ಓದಿದ ಮನೆಗಳ ಕೆಲವು ಹೆಂಗಸರಿಗೆ ಇದರಿಂದ ಸಂತೋಷವಾದದ್ದು ನಿಜ, ಅವರು ಮೊದಲಿನಿಂದಲೂ ಅದನ್ನು ಬಯಸಿದವರು. ಆದರೆ ಹುಟ್ಟಿದಾಗಿನಿಂದ ಹೊದ್ದು ರೂಢಿಯಾದ ಸಾಮಾನ್ಯ ಮನೆಯ ಹೆಂಗಸಿಗೆ ಬರಿ ತಲೆಯಲ್ಲಿ ಬೀದಿಗೆ ಬರುವುದೆಂದರೆ ನಮ್ಮ ಅಜ್ಜಿಯರಿಗೆ ರವಿಕೆಯಿಲ್ಲದೆ ಪೇಟೆಗೆ ಹೋಗೆಂದ ಹಾಗೆ. ಅವಳು ಮನೆಯೊಳಗೇ ಉಳಿದಳು. ಆಗ ಮನೆಮನೆಗೆ ಬಚ್ಚಲಿರಲಿಲ್ಲ. ಸ್ನಾನಕ್ಕೆ ಊರಿನ ಸಾರ್ವಜನಿಕ ಸ್ನಾನಗೃಹಕ್ಕೇ ಹೋಗಬೇಕು. ಪೊಲೀಸರ ಕಣ್ಣು ತಪ್ಪಿಸಿ ರಾತ್ರಿಯ ಹೊತ್ತು ಮಾಳಿಗೆಯಿಂದ ಮಾಳಿಗೆಗೆ ದಾಟಿ ಸ್ನಾನಕ್ಕೆ ಹೋದವರಿದ್ದರು. ಪೇಟೆಗೆ ತಾನೇ ಹೋಗಿ ವ್ಯಾಪಾರ ಮಾಡುತ್ತಿದ್ದವಳು ಈಗ ಉಪ್ಪಿಗೂ ಗಂಡನನ್ನೋ ಮಗನನ್ನೋ ಕೇಳಬೇಕಾಯಿತು. ಎಲ್ಲಕ್ಕಿಂತ ದೊಡ್ಡ ನಷ್ಟ, ಎಷ್ಟೋ ಮಂದಿ ತಂದೆಯರು ಮಗಳನ್ನು ಶಾಲೆಯಿಂದ ಬಿಡಿಸಿದ್ದು. ಹೆಣ್ಣನ್ನು ಮನೆಯಿಂದ ಹೊರಗೆ ತರುತ್ತೇನೆಂದು ಹೊರಟ ಆಜ್ಞೆ ಅವಳನ್ನು ಇನ್ನೂ ಒಳಗಿನ ಕೋಣೆಗೆ ತಳ್ಳಿತು. 1941ರಲ್ಲಿ ಬ್ರಿಟಿಷ್ ಮತ್ತು ರಷ್ಯದ ಸೇನೆಗಳು ನುಗ್ಗಿ ರೆಜಾ ಶಾಹ ಗಾದಿ ಬಿಟ್ಟಾಗ ಆಜ್ಞೆಯೂ ಸಡಿಲವಾಯಿತು, ಚಾದರ ತಾನಾಗಿಯೇ ಬೀದಿಗೆ ಮರಳಿತು. ಐದು ವರ್ಷದ ಪೊಲೀಸು ಕೆಲಸದ ಫಲ ಅಷ್ಟೇ.

ಇನ್ನು ಎರಡನೆಯ ಅಂಕ. 1978ರಲ್ಲಿ ರೆಜಾ ಶಾಹನ ಮಗನ ವಿರುದ್ಧ ಜನ ಬೀದಿಗಿಳಿದಾಗ, ಎಂದೂ ಹೊದೆಯದ ಕಾಲೇಜು ಹುಡುಗಿಯರು ಕೂಡ ಚಾದರ ಹೊದ್ದು ಮೆರವಣಿಗೆಗೆ ಬಂದರು. ಅದು ದೊರೆಗೆ ತೋರಿಸಿದ ಪ್ರತಿಭಟನೆ. ತಮ್ಮ ಇಚ್ಛೆಯಿಂದ ಹೊದ್ದದ್ದು. 1979ರ ಫೆಬ್ರವರಿಯಲ್ಲಿ ಕ್ರಾಂತಿ ಗೆದ್ದಿತು. ತಿಂಗಳು ತುಂಬುವುದರೊಳಗೆ, ಮಾರ್ಚ್ 7ರಂದು, ಸರ್ಕಾರಿ ಕಚೇರಿಗೆ ಬರುವ ಹೆಂಗಸರು ತಲೆ ಮುಚ್ಚಿಕೊಂಡೇ ಬರಬೇಕೆಂದು ಖೊಮೇನಿಯವರ ಮಾತು ಹೊರಬಿತ್ತು. ಮರುದಿನವೇ ಅಂತರರಾಷ್ಟ್ರೀಯ ಮಹಿಳಾ ದಿನ. ಸಾವಿರಾರು ಹೆಂಗಸರು ತೆಹರಾನಿನ ಬೀದಿಗಳಲ್ಲಿ ನೆರೆದರು. ಮೊನ್ನೆ ಮೊನ್ನೆ ಚಾದರ ಹೊದ್ದು ದೊರೆಯ ವಿರುದ್ಧ ಕೂಗಿದವರೂ ಅವರಲ್ಲಿದ್ದರು. ಸರ್ಕಾರ ಒಂದು ಹೆಜ್ಜೆ ಹಿಂದೆ ಸರಿದಂತೆ ಮಾಡಿ, ಆಮೇಲೆ ಎರಡು ಹೆಜ್ಜೆ ಮುಂದಿಟ್ಟಿತು. 1980ರಲ್ಲಿ ಕಚೇರಿಗಳಿಗೆ ಕಡ್ಡಾಯ. 1983ರಲ್ಲಿ ಇಡೀ ದೇಶಕ್ಕೆ ಕಡ್ಡಾಯ, ತಪ್ಪಿದರೆ 74 ಛಡಿ ಏಟಿನವರೆಗೂ ಶಿಕ್ಷೆ.

ಅದೇ ಬೀದಿ, ಅದೇ ಪೊಲೀಸು. 1936ರಲ್ಲಿ ಚಾದರ ಎಳೆದವನ ಮೊಮ್ಮಗನೇ 1983ರಲ್ಲಿ ಚಾದರ ಹೊದಿಸಲು ನಿಂತಿದ್ದರೂ ಆಶ್ಚರ್ಯವಿಲ್ಲ. ಅಜ್ಜಿ ಬಟ್ಟೆ ಹೊದ್ದಳೆಂದು ಅವಮಾನಪಟ್ಟಳು, ಮೊಮ್ಮಗಳು ಹೊದೆಯಲಿಲ್ಲವೆಂದು ಅವಮಾನಪಟ್ಟಳು. ಇಬ್ಬರನ್ನೂ ಯಾರೂ ಒಂದು ಮಾತು ಕೇಳಲಿಲ್ಲ.

ಮುಂದಿನದು ನಮ್ಮ ಕಣ್ಣೆದುರೇ ನಡೆದದ್ದು. 2022ರ ಸೆಪ್ಟೆಂಬರ್ 13ರಂದು ಕುರ್ದಿಸ್ತಾನದ ಸಕ್ಕೆಜ್ ಊರಿನಿಂದ ತೆಹರಾನಿಗೆ ಬಂದಿದ್ದ 22 ವರ್ಷದ ಮಹ್ಸಾ ಅಮೀನಿಯನ್ನು, ತಲೆವಸ್ತ್ರ ಸರಿಯಾಗಿಲ್ಲವೆಂದು ನೀತಿ ಪೊಲೀಸರು ಹಿಡಿದೊಯ್ದರು. 16ರಂದು ಆಸ್ಪತ್ರೆಯಲ್ಲಿ ಆಕೆ ಸತ್ತಳು. ಬಂಧನದಲ್ಲಿ ನಡೆದ ದೈಹಿಕ ಹಿಂಸೆಯೇ ಸಾವಿಗೆ ಕಾರಣವೆಂದು 2024ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ಮಂಡಳಿ ಹೇಳಿತು. ಆ ಸಾವಿನ ಹಿಂದೆಯೇ ಎದ್ದ ಚಳವಳಿಯಲ್ಲಿ ನೂರಾರು ಮಂದಿ ಪ್ರಾಣ ತೆತ್ತರು, ಕೆಲವರನ್ನು ನೇಣಿಗೆ ಹಾಕಿದರು. ‘ಹೆಣ್ಣು, ಬದುಕು, ಸ್ವಾತಂತ್ರ್ಯ’ ಎಂಬುದು ಅವರ ಘೋಷಣೆ. ಅದರಲ್ಲಿ ಬಟ್ಟೆಯ ಹೆಸರೇ ಇಲ್ಲ, ಗಮನಿಸಿ.

ಕಾಫಿ ಲೋಟದ ಪಂಡಿತರು ಕಾಣದೆ ಹೋದ ಇನ್ನೊಂದು ದೃಶ್ಯವುಂಟು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ, ಬಲೂಚಿಗಳ ಸೀಮೆಯ ಜಾಹೆದಾನ್ ನಗರದಲ್ಲಿ, ಅಡಿಯಿಂದ ಮುಡಿಯವರೆಗೆ ಕಪ್ಪು ಚಾದರ ಹೊದ್ದ ಹೆಂಗಸರು ಮೆರವಣಿಗೆ ಹೊರಟರು. ಹಿಜಾಬು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಕ್ರಾಂತಿಯತ್ತ ನಡೆಯೋಣ ಎಂಬುದು ಅವರ ಕೂಗು. ಹೊದ್ದವಳು ಹೊದೆಯದವಳ ಹಕ್ಕಿಗಾಗಿ ಬೀದಿಗೆ ಬಂದಳು. ನಾವು ‘ಅತ್ತ ಸುಡುತ್ತಾರೆ, ಇತ್ತ ಹೊದೆಯುತ್ತಾರೆ’ ಎಂದು ನಗುತ್ತೇವೆ. ಅಲ್ಲಿ ಸುಟ್ಟವಳೂ ಹೊದ್ದವಳೂ ಒಂದೇ ಮೆರವಣಿಗೆಯವರು.

ಈಗ ನಮ್ಮ ನಾಡಿಗೆ ಬರೋಣ. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ 2021ರ ಕೊನೆಯಲ್ಲಿ ಆರಂಭವಾದ ತಕರಾರು, ಕೇಸರಿ ಶಾಲುಗಳೂ ಸೇರಿಕೊಂಡು ರಾಜ್ಯವೆಲ್ಲ ಹಬ್ಬಿತು. 2022ರ ಫೆಬ್ರವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಗದ್ದಲ ಹೆಚ್ಚಿ ಶಾಲಾಕಾಲೇಜುಗಳಿಗೆ ಕೆಲವು ದಿನ ರಜೆ ಕೊಡಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತ ಅವರು ಮೇಲ್ಮನವಿಗಳನ್ನು ವಜಾ ಮಾಡಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಇದು ಹುಡುಗಿಯ ಆಯ್ಕೆಯ ವಿಷಯ, ಅವಳ ಓದು ಎಲ್ಲಕ್ಕಿಂತ ದೊಡ್ಡದು ಎಂದು ಸರ್ಕಾರಿ ಆದೇಶವನ್ನೇ ತಳ್ಳಿಹಾಕಿದರು. ವಿಷಯವನ್ನು ದೊಡ್ಡ ಪೀಠದ ಮುಂದಿಡಬೇಕೆಂದು ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸಲಾಯಿತು. ಅಷ್ಟರಲ್ಲಿ ಎಷ್ಟೋ ಹುಡುಗಿಯರು ಪರೀಕ್ಷೆ ಬಿಟ್ಟಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಆ ಫೆಬ್ರವರಿಯಲ್ಲಿ ಮಂಡ್ಯದ ಒಂದು ಶಾಲೆಯ ಗೇಟಿನ ಮುಂದೆ ಹುಡುಗಿಯರೂ ಶಿಕ್ಷಕಿಯರೂ ನಿಂತು, ಊರೆಲ್ಲ ನೋಡುತ್ತಿರುವಾಗ, ಕ್ಯಾಮರಾಗಳೂ ನೋಡುತ್ತಿರುವಾಗ, ಬುರ್ಖಾ ತೆಗೆದು ಒಳಗೆ ಹೋಗಬೇಕಾಯಿತು. ವಯಸ್ಸಾದ ಶಿಕ್ಷಕಿ ಬೀದಿಯಲ್ಲಿ ನಿಂತು ಮೈಮೇಲಿನ ಬಟ್ಟೆ ಕಳಚುವುದನ್ನು ನೋಡಿ ನಮಗೇನೂ ಅನಿಸಲಿಲ್ಲವೆಂದರೆ, ಆ ಬಟ್ಟೆಯ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಒಮ್ಮೆ ನಮ್ಮ ಎದೆ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

‘ಶಾಲೆಯೆಂದ ಮೇಲೆ ಶಿಸ್ತು ಬೇಡವೇ?’ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಸಮವಸ್ತ್ರ ಬೇಕು. ಬಡವನ ಮಗು ಸಾಹುಕಾರನ ಮಗುವಿನ ಪಕ್ಕದಲ್ಲಿ ಅಂಜಿಕೆಯಿಲ್ಲದೆ ಕೂರಲೆಂದೇ ಅದು ಹುಟ್ಟಿದ್ದು. ಆದರೆ ಸಮವಸ್ತ್ರದ ಬಣ್ಣದ್ದೇ ಒಂದು ತುಂಡು ಬಟ್ಟೆ ತಲೆಯ ಮೇಲಿದ್ದರೆ ಶಿಸ್ತು ಕುಸಿಯುವುದೇ? ಕೇಂದ್ರೀಯ ವಿದ್ಯಾಲಯಗಳಲ್ಲಿ ಅಂಥ ಅವಕಾಶ ಇದ್ದುದನ್ನು ಅರ್ಜಿದಾರರು ಕೋರ್ಟಿನ ಮುಂದಿಟ್ಟಿದ್ದರು. ವರ್ಗವಾಗಿ ಊರೂರು ತಿರುಗುವ ನಮ್ಮವರ ಮಕ್ಕಳಲ್ಲಿ ಎಷ್ಟು ಮಂದಿ ಆ ಶಾಲೆಗಳಲ್ಲೇ ಓದಿಲ್ಲ? ದೆಹಲಿಯಲ್ಲಿ ಇರುವವರಿಗೆ ಹೇಳಬೇಕಾದ್ದೇ ಇಲ್ಲ: ಪಕ್ಕದ ಬೆಂಚಿನ ಸರ್ದಾರರ ಹುಡುಗ ತಲೆಗೆ ಪಟಕಾ ಕಟ್ಟಿಕೊಂಡು ಬಂದಾಗ ಯಾವ ಪಾಠ ನಿಂತಿತು?

‘ಅವಳು ತಾನಾಗಿ ಹೊದ್ದದ್ದಲ್ಲ, ಮನೆಯವರ ಬಲವಂತ’ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಸತ್ಯವಿದೆ, ಬೇಕಾದಷ್ಟಿದೆ. ಹನ್ನೆರಡು ವರ್ಷದ ಹುಡುಗಿಗೆ ತಂದೆ, ಅಣ್ಣ, ಮೊಹಲ್ಲಾದ ಹಿರಿಯರು ಸೇರಿ ಹೊದಿಸಿದ್ದನ್ನು ಆಯ್ಕೆ ಎಂದು ಕರೆಯುವುದು ಮಾತಿನ ಮೋಸ. ಆದರೆ ಬಲವಂತ ಮಾಡಿದವನು ಮನೆಯಲ್ಲಿ ಹಾಯಾಗಿ ಕುಳಿತಿರುವಾಗ, ಬಲವಂತಕ್ಕೆ ಒಳಗಾದವಳನ್ನು ಶಾಲೆಯ ಗೇಟಿನಿಂದ ಹಿಂದಕ್ಕೆ ಕಳಿಸುವುದು ಯಾವ ನ್ಯಾಯ? ಅವಳು ಹಿಂದಕ್ಕೆ ಹೋಗುವುದು ಎಲ್ಲಿಗೆ? ಆ ಬಲವಂತದವನ ಮನೆಗೇ. ಬೇಡ ಎನ್ನುವ ಧೈರ್ಯ ಅವಳಿಗೆ ಒಂದು ದಿನ ಬರುವುದಿದ್ದರೆ ಅದು ಬರುವುದು ಕೈಯಲ್ಲಿ ಒಂದು ಡಿಗ್ರಿ, ಒಂದು ಕೆಲಸ, ತಿಂಗಳ ಕೊನೆಯಲ್ಲಿ ತನ್ನದೆನ್ನುವ ಸಂಬಳ ಇದ್ದಾಗ. 1936ರ ಇರಾನಿನಲ್ಲಿ ಮುಸುಕು ತೆಗೆಸಲು ಹೋಗಿ ಹುಡುಗಿಯರ ಶಾಲೆ ತಪ್ಪಿತು. 2021ರಲ್ಲಿ ಅಫ್ಘಾನಿಸ್ತಾನದ ತಾಲಿಬಾನಿಗಳು ಧರ್ಮದ ಹೆಸರಿನಲ್ಲಿ ಹುಡುಗಿಯರ ಪ್ರೌಢಶಾಲೆ ಮುಚ್ಚಿದರು. 2022ರ ಕರ್ನಾಟಕದಲ್ಲಿ ಶಿಸ್ತಿನ ಹೆಸರಿನಲ್ಲಿ ಕೆಲವರ ಓದು ನಿಂತಿತು. ಕಾರಣಗಳು ಬೇರೆಬೇರೆ, ಮುಚ್ಚಿದ್ದು ಮಾತ್ರ ಪ್ರತಿ ಸಲವೂ ಹುಡುಗಿಯ ಪಾಲಿನ ಬಾಗಿಲನ್ನೇ.

ಆಯ್ಕೆ ನಿಜವೋ ಸುಳ್ಳೋ ಎಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯಿದೆ. ಅವಳು ಇಂದು ಹೊದ್ದದ್ದನ್ನು ನಾಳೆ ತೆಗೆದಿಟ್ಟರೆ ಅವಳ ಊಟ, ಓದು, ಮದುವೆ, ಮರ್ಯಾದೆ ಇವಕ್ಕೆ ಏನಾದರೂ ಕುತ್ತು ಬರುವುದೇ? ಇಂದು ಹೊದೆಯದವಳು ನಾಳೆ ಹೊದ್ದರೆ ಬರುವುದೇ? ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಮಾತ್ರ ಅದು ಆಯ್ಕೆ. ಹೋಗುವ ದಾರಿಯೂ ಹಿಂದಿರುಗುವ ದಾರಿಯೂ ತೆರೆದಿರಬೇಕು.

ಈ ಪರೀಕ್ಷೆಯಲ್ಲಿ ಸರ್ಕಾರ ಮಾತ್ರ ನಪಾಸಾಗುವುದಿಲ್ಲ. ‘ಹಿಜಾಬು ನಮ್ಮ ಹೆಣ್ಣುಮಕ್ಕಳ ಹಕ್ಕು’ ಎಂದು 2022ರಲ್ಲಿ ವೇದಿಕೆಯೇರಿದ ಮುಖಂಡರನ್ನು ಕೇಳಬೇಕು: ನಾಳೆ ನಿಮ್ಮ ಮೊಹಲ್ಲಾದ ಹುಡುಗಿಯೊಬ್ಬಳು ಅದನ್ನು ಮಡಿಸಿಟ್ಟು ಹೊರಬಂದರೆ, ಅವಳ ಬೆನ್ನಿಗೂ ಇದೇ ವೇದಿಕೆ ನಿಲ್ಲುವುದೇ? ನಿಲ್ಲದಿದ್ದರೆ ನೀವು ಕಾಯುತ್ತಿರುವುದು ಅವಳ ಹಕ್ಕನ್ನಲ್ಲ, ಅವಳ ಮೇಲಿರುವ ನಿಮ್ಮ ಹಕ್ಕನ್ನು. ನಮ್ಮ ಕನ್ನಡದ ಲೇಖಕಿ ಬಾನು ಮುಷ್ತಾಕ್ ಅವರನ್ನು ನೋಡಿ. ಹೆಂಗಸರಿಗೂ ಮಸೀದಿಯ ಪ್ರವೇಶ ಬೇಕೆಂದು ಹೇಳಿದ್ದಕ್ಕೆ 2000ದಲ್ಲಿ ಸ್ವಂತ ಸಮುದಾಯದವರಿಂದ ಬಹಿಷ್ಕಾರ ಅನುಭವಿಸಿದರು. ಅದೇ ಬಾನು ಮುಷ್ತಾಕ್ ಅವರು ಹುಡುಗಿಯರು ಹಿಜಾಬು ಧರಿಸಿ ಶಾಲೆಗೆ ಹೋಗುವ ಹಕ್ಕಿನ ಪರವಾಗಿಯೂ ಮಾತನಾಡಿದರು. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ‘ನಮ್ಮ ಕನ್ನಡಕ್ಕೆ ಬಂತು’ ಎಂದು ಎದೆಯುಬ್ಬಿಸಿದೆವು, ಸಂಘಸಂಘಗಳಲ್ಲಿ ಅಭಿನಂದನೆಯ ನಿರ್ಣಯ ಮಾಡಿದೆವು. ಪ್ರಶಸ್ತಿಗೆ ಚಪ್ಪಾಳೆ ಹೊಡೆದ ಕೈ ಆ ನಿಲುವನ್ನೂ ಒಂದು ಸಲ ಮುಟ್ಟಿ ನೋಡಬೇಡವೇ?

ಇಷ್ಟು ಹೇಳಿದಾಗ ‘ಅದು ಅವರ ಮನೆಯ ವಿಷಯ, ನಮ್ಮಲ್ಲಿ ಆ ಗೋಷಾ ಪದ್ಧತಿಯಿಲ್ಲ’ ಎಂದು ಕೆಲವರು ಎದ್ದು ಹೊರಡುತ್ತಾರೆ. ದಯವಿಟ್ಟು ಕುಳಿತುಕೊಳ್ಳಿ. ಪ್ಯೂ ಎಂಬ ಸಂಶೋಧನಾ ಸಂಸ್ಥೆ 2019-20ರಲ್ಲಿ ಭಾರತದಲ್ಲಿ ಸಮೀಕ್ಷೆ ನಡೆಸಿದಾಗ, ಮನೆಯಿಂದ ಹೊರಗೆ ತಲೆ ಮುಚ್ಚಿಕೊಳ್ಳುವ ಹೆಂಗಸರು ನೂರಕ್ಕೆ 61 ಎಂದು ಕಂಡಿತು. ಹಿಂದೂ ಹೆಂಗಸರಲ್ಲಿಯೂ ನೂರಕ್ಕೆ 59. ದಕ್ಷಿಣದಲ್ಲಿ ಇದು ಕಡಿಮೆ, ಉತ್ತರದಲ್ಲಿ ಬಹಳ ಹೆಚ್ಚು. ದೆಹಲಿಯ ಆಸುಪಾಸಿನ ಹಳ್ಳಿಗಳಲ್ಲಿ ಮಾವನೆದುರು ಗಲ್ಲದವರೆಗೆ ಘೂಂಘಟ್ ಎಳೆದುಕೊಂಡು, ರೊಟ್ಟಿಯನ್ನೂ ಕಣ್ಣಂದಾಜಿನಲ್ಲೇ ಬಡಿಸುವ ಸೊಸೆಯರನ್ನು ಅಲ್ಲಿನ ಕನ್ನಡಿಗರು ಕಂಡಿಲ್ಲವೇ? ಅವಳ ಮುಸುಕು ‘ಸಂಸ್ಕಾರ’, ಪಕ್ಕದ ಬೀದಿಯವಳ ಮುಸುಕು ‘ಗುಲಾಮಗಿರಿ’. ಈ ತಕ್ಕಡಿ ಯಾವ ಅಂಗಡಿಯದು?

ಇನ್ನು ಕರ್ನಾಟಕದ್ದೇ ಆದ ಮುಸುಕು. ವಿಜಾಪುರ, ಬೆಳಗಾವಿ ಕಡೆಯ ಊರುಗಳಲ್ಲಿ ಹಿರಿಯರು ಎದುರು ಬಂದರೆ ‘ತಲಿ ಮ್ಯಾಲೆ ಸೆರಗು ಹೊದ್ಕೋಳವ್ವ’ ಎಂಬ ಮಾತು ಕೇಳದ ಸೊಸೆ ಯಾರಿದ್ದಾಳೆ? ಅದನ್ನು ಪ್ರೀತಿಯಿಂದ ಹೊದ್ದವರೂ ಇದ್ದಾರೆ, ಒಪ್ಪುತ್ತೇನೆ. ಆದರೆ ಪ್ರೀತಿಯ ಸೆರಗಿನ ಪಕ್ಕದಲ್ಲೇ ಇನ್ನೊಂದು ಸೆರಗಿತ್ತು: ನಮ್ಮ ಮಡಿ ಹೆಂಗಸರ ಕೆಂಪು ಸೀರೆಯ ಸೆರಗು. ಹತ್ತೋ ಹನ್ನೆರಡೋ ವರ್ಷದ ಹುಡುಗಿ ವಿಧವೆಯಾದಳೆಂದು ಕ್ಷೌರಿಕನನ್ನು ಹಿತ್ತಿಲಿಗೆ ಕರೆಸಿ, ತಲೆ ಬೋಳಿಸಿ, ಸಾಯುವ ತನಕ ಆ ಬೋಳುತಲೆಯ ಮೇಲೆ ಸೆರಗು ಎಳೆದುಕೊಂಡು ಮೂಲೆಯಲ್ಲಿರು ಎಂದವರು ಯಾವ ದೇಶದ ಮುಲ್ಲಾಗಳೂ ಅಲ್ಲ. ಕೂದಲು ಉಳಿಸಿಕೊಂಡವಳಿಗೆ ‘ಸಕೇಶಿ’ ಎಂದು ಹೆಸರಿಟ್ಟು, ಮಠದ ತೀರ್ಥ ಕೊಡದೆ ದೂರವಿಟ್ಟವರೂ ನಮ್ಮವರೇ. ಇದಕ್ಕೆ ನೂರು ಇನ್ನೂರು ವರ್ಷ ಹಿಂದೆ ಹೋಗಬೇಕಾಗಿಲ್ಲ. ನಮ್ಮಲ್ಲಿ ಅನೇಕರು ಅಂಥ ಅಜ್ಜಿಯರ ಕೈತುತ್ತು ತಿಂದು ಬೆಳೆದವರು.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಕಾದಂಬರಿಯಾಗಿ ಬಂತು, 1983ರಲ್ಲಿ ಪ್ರೇಮಾ ಕಾರಂತರ ಚಿತ್ರವಾಗಿಯೂ ಬಂತು. ಬಾಲವಿಧವೆಯಾಗಿ ತಲೆ ಬೋಳಿಸಿಕೊಂಡು ಜೀವಮಾನವೆಲ್ಲ ಮಡಿಯಲ್ಲಿ ಸವೆದ ಫಣಿಯಮ್ಮನ ಎದುರಿಗೇ ಇನ್ನೊಬ್ಬ ತರುಣ ವಿಧವೆ ‘ನಾನು ತಲೆ ಕೊಡುವುದಿಲ್ಲ’ ಎಂದು ನಿಂತಾಗ, ಆ ಮುದುಕಿ ನಿಂತದ್ದು ಆ ಹುಡುಗಿಯ ಪಕ್ಷದಲ್ಲಿ. ತಾನು ಪಟ್ಟದ್ದನ್ನು ಇವಳೂ ಪಡಲಿ ಎನ್ನಲಿಲ್ಲ. ತಾನೂ ತನ್ನ ಮಡಿಯನ್ನು ಬಿಡಲಿಲ್ಲ. ತನ್ನ ತಲೆಯ ಸೆರಗು ತನಗೆ, ಅವಳ ಕೂದಲು ಅವಳಿಗೆ. ಜಾಹೆದಾನಿನ ಚಾದರದ ಹೆಂಗಸರಿಗೂ ಮಲೆನಾಡಿನ ಈ ಮಡಿ ಅಜ್ಜಿಗೂ ನಡುವೆ ನನಗೆ ಏನೂ ದೂರ ಕಾಣಿಸುವುದಿಲ್ಲ.

ಗಂಡಸರ ತಲೆಯ ಕಥೆಯನ್ನೂ ಹೇಳಿಬಿಡೋಣ. ನಮ್ಮ ತಾತಂದಿರು ಬರಿ ತಲೆಯಲ್ಲಿ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಮೈಸೂರಿನ ಜರಿ ಪೇಟ, ಧಾರವಾಡದ ರುಮಾಲು, ಕಚೇರಿ ಗುಮಾಸ್ತರ ಕರಿ ಟೋಪಿ, ದೇಶಭಕ್ತರ ಗಾಂಧಿ ಟೋಪಿ, ಒಂದಲ್ಲ ಒಂದು ತಲೆಯ ಮೇಲೆ ಇರಲೇಬೇಕು. ಬರಿ ತಲೆಯೆಂದರೆ ಮನೆಯಲ್ಲಿ ಏನೋ ಅಶುಭ ನಡೆದಿದೆಯೆಂದು ಅರ್ಥ. ಎರಡು ತಲೆಮಾರು ಕಳೆಯುವುದರಲ್ಲಿ ಅವೆಲ್ಲ ಇಳಿದುಹೋದವು. ಈಗ ಪೇಟ ಉಳಿದಿರುವುದು ಸನ್ಮಾನದ ಹೊತ್ತಿನ ಹತ್ತು ನಿಮಿಷಕ್ಕೆ ಮಾತ್ರ. ಪಂಚೆ ಹೋಗಿ ಪ್ಯಾಂಟು ಬಂತು, ಜುಟ್ಟು ಹೋಗಿ ಕ್ರಾಪು ಬಂತು. ಯಾವ ಸರ್ಕಾರ ಆದೇಶ ಹೊರಡಿಸಿತು? ಯಾವ ಸಂಸ್ಕೃತಿ ಕುಸಿದುಬಿತ್ತು? ಗಂಡಸು ತನಗೆ ಬೇಕಾದಾಗ, ಬೇಕಾದ ಹಾಗೆ, ಯಾರಿಗೂ ಹೇಳದೆ ಕೇಳದೆ ತನ್ನ ಉಡುಪು ಬದಲಾಯಿಸಿಕೊಂಡ. ಆ ಮೇಲೆ ಸಂಸ್ಕೃತಿಯನ್ನು ಕಾಪಾಡುವ ಹೊರೆಯನ್ನು ಹೆಂಡತಿಯ ಹೆಗಲಿಗೆ, ಮಗಳ ತಲೆಗೆ ಏರಿಸಿದ. ಟೋಪಿಯ ವಿಷಯದಲ್ಲಿ ನಮಗಿದ್ದ ಸ್ವಾತಂತ್ರ್ಯವೇ ಸೆರಗಿನ, ಹಿಜಾಬಿನ, ದುಪಟ್ಟಾದ ವಿಷಯದಲ್ಲಿ ಹೆಂಗಸರಿಗೂ ಇರಲಿ ಎಂಬುದಕ್ಕಿಂತ ಹೆಚ್ಚೇನನ್ನೂ ಯಾರೂ ಕೇಳುತ್ತಿಲ್ಲ.

ಹೊರನಾಡಿಗೆ ಬಂದ ನಮಗೆ ಈ ರೋಗ ಸ್ವಲ್ಪ ಹೆಚ್ಚೇ ಅಂಟಿದೆ. ಊರು ಬಿಟ್ಟ ಮೇಲೆ ಊರಿನದೆಲ್ಲ ಕೈತಪ್ಪಿಹೋಗುತ್ತದೆಂಬ ಅಂಜಿಕೆ. ಮಕ್ಕಳು ಮನೆಯಲ್ಲಿ ಹಿಂದಿಯೋ ಮರಾಠಿಯೋ ಆಡುವುದನ್ನು ತಡೆಯಲಾಗದವರು ಸೊಸೆಯ ಉಡುಪನ್ನಾದರೂ ತಡೆಯುತ್ತೇವೆಂದು ಹೊರಡುತ್ತಾರೆ. ಪಂಜಾಬಿ ಡ್ರೆಸ್ಸು ಬಂದಾಗ ಒಂದು ಸುತ್ತು ಜಗಳ, ಜೀನ್ಸು ಬಂದಾಗ ಇನ್ನೊಂದು ಸುತ್ತು. ಕಚೇರಿಗೆ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗಿ ಬರುವ ಸೊಸೆ, ಊರಿನಿಂದ ಅತ್ತೆ ಮಾವ ಬಂದ ಹದಿನೈದು ದಿನ ಸೀರೆಯುಟ್ಟೇ ಅಡಿಗೆಮನೆಯಲ್ಲಿ ನಿಲ್ಲಬೇಕು. ಇತ್ತ ಮಗ ಚಡ್ಡಿಯಲ್ಲಿ ಕುಳಿತು ಪೇಪರು ಓದುತ್ತಾನೆ. ಅಕ್ಕಮಹಾದೇವಿಯ ಭಾವಚಿತ್ರಕ್ಕೆ ನಾವು ವರ್ಷವರ್ಷವೂ ಹಾರ ಹಾಕುತ್ತೇವೆ. ಕೌಶಿಕನ ಅರಮನೆಯನ್ನೂ ಅವನು ಕೊಟ್ಟ ವಸ್ತ್ರವನ್ನೂ ಅಲ್ಲೇ ಬಿಟ್ಟು, ಕೂದಲನ್ನೇ ಹೊದ್ದು ಕಲ್ಯಾಣಕ್ಕೆ ನಡೆದವಳು ಆಕೆ. ಆ ಹಾರ ಹಾಕಿದ ಕೈಯೇ ಮನೆಗೆ ಬಂದು ಮಗಳ ತೋಳಿನ ಉದ್ದ ಅಳೆಯುವುದಾದರೆ ಆ ಪೂಜೆಗೆ ಏನರ್ಥ?

ಆದ್ದರಿಂದ ಇರಾನಿಗೆ ಸಹಾನುಭೂತಿಯ ನಿರ್ಣಯ ಕಳಿಸುವ ಮೊದಲು ನಮ್ಮ ಕೈಯಳತೆಯಲ್ಲಿರುವ ಎರಡು ಕೆಲಸ ಮಾಡೋಣ. ಒಂದನೆಯದು, ಸಂಘಗಳ ಹೊಸ್ತಿಲಲ್ಲಿ ನಡೆಯುವ ಅರಿಶಿನ ಕುಂಕುಮ. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತವರು ಗಂಡ ಸತ್ತವಳ ಹಣೆಯನ್ನು ಹಾರಿ ಮುಂದಿನವಳ ಹಣೆಗೆ ಹೋಗುವುದನ್ನು ಇನ್ನು ನಿಲ್ಲಿಸಬೇಕು. ತಟ್ಟೆಯನ್ನು ಎಲ್ಲರ ಮುಂದೆ ಹಿಡಿಯಿರಿ. ಬೇಕಾದವಳು ಇಟ್ಟುಕೊಳ್ಳುತ್ತಾಳೆ, ಬೇಡವಾದವಳು ನಮಸ್ಕಾರ ಹೇಳುತ್ತಾಳೆ. ಕೆಂಪು ಸೀರೆಯ ಕಾಲ ಮುಗಿಯಿತೆಂದು ಹೇಳಿಕೊಳ್ಳುವ ಹಕ್ಕು ನಮಗೆ ಅಲ್ಲಿಯವರೆಗೆ ಇಲ್ಲ.

ಎರಡನೆಯದು ಇನ್ನೂ ಸುಲಭ, ಒಂದು ಪೆನ್ನಿನ ಗೀಟು ಸಾಕು. ‘ಮಹಿಳೆಯರು ಕಡ್ಡಾಯವಾಗಿ ಸೀರೆಯಲ್ಲಿ ಬರತಕ್ಕದ್ದು’ ಎಂಬ ಸಾಲು ಯಾವುದೇ ಸಂಘದ ಆಮಂತ್ರಣದಲ್ಲಿ ಇದ್ದರೆ, ರಾಜ್ಯೋತ್ಸವದ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಅದನ್ನು ಹೊಡೆದುಹಾಕಿ. ಇಳಕಲ್ಲು, ಮೈಸೂರು ರೇಷ್ಮೆ, ಮೊಳಕಾಲ್ಮೂರು, ಇವುಗಳ ಚೆಲುವು ಅಪ್ಪಣೆಯ ಆಸರೆಯಿಲ್ಲದೆ ನಿಲ್ಲಬಲ್ಲದು. ಉಡುವವರು ಸಂತೋಷದಿಂದ ಉಟ್ಟು ಬರುತ್ತಾರೆ. ಉಡದೆ ಬಂದವಳೂ ಕನ್ನಡದವಳೇ. ತಲೆಗೆ ವಸ್ತ್ರ ಕಟ್ಟಿ ಬಂದ ಕನ್ನಡದ ಮುಸ್ಲಿಂ ಹುಡುಗಿಯೂ ಅಷ್ಟೇ ನಮ್ಮವಳು. ಅವಳಿಗೂ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇರಲಿ.